ಬರೀ ವಾರ್ನಿಂಗ್ ತಾನೆ?

ನಮ್ಮ ಕಾಲೇಜುಗಳ ಕಂಪ್ಯೂಟರ್ ಲ್ಯಾಬುಗಳಲ್ಲಿ ದಿನಕ್ಕೆ ಹತ್ತಾರು ಸಲ ಕೇಳಿಸುವ ಮಾತೊಂದಿದೆ: ‘ಬರೀ ವಾರ್ನಿಂಗ್ ತಾನೆ, ಎರರ್ ಅಲ್ವಲ್ಲ, ರನ್ ಮಾಡು.’ ಗೆಳೆಯ ಗೆಳೆಯನಿಗೆ ಹೇಳುತ್ತಾನೆ, ಸೀನಿಯರ್ ಜೂನಿಯರ್‌ಗೆ ಹೇಳುತ್ತಾಳೆ, ಎಷ್ಟೋ ಕಡೆ ಪಾಠ ಮಾಡುವವರೇ ಹೇಳುತ್ತಾರೆ. ಪರದೆಯ ಮೇಲೆ ಐದಾರು ಸಾಲಿನ ಎಚ್ಚರಿಕೆ ಬಂದಿರುತ್ತದೆ. ಅದನ್ನು ಯಾರೂ ಓದುವುದಿಲ್ಲ. ಪ್ರೋಗ್ರಾಮ್ ಓಡುತ್ತದೆ, ಔಟ್‌ಪುಟ್ ಬರುತ್ತದೆ, ರೆಕಾರ್ಡ್ ಪುಸ್ತಕಕ್ಕೆ ಸಹಿ ಬೀಳುತ್ತದೆ. ಈ ಬರಹ ಆ ಮಾತಿನ ವಿರುದ್ಧ.

ಸಾಹಿತ್ಯದ ಪತ್ರಿಕೆಯಲ್ಲಿ ಇದನ್ನು ಯಾಕೆ ಎತ್ತಬೇಕು ಎಂದು ಕೇಳಬಹುದು. ಕಾರಣ ಸರಳ. ಕಂಪೈಲರ್ ಕೊಡುವ ಎಚ್ಚರಿಕೆಯೂ ಒಂದು ವಾಕ್ಯ. ಇಂಥ ಕಡೆ ಇಂಥ ತಪ್ಪಾಗಬಹುದು ಎಂದು ಯಾರೋ ಯೋಚಿಸಿ, ಪದ ಆರಿಸಿ ಬರೆದಿಟ್ಟ ವಾಕ್ಯ. ಓದು ಬಲ್ಲವರು ಅದನ್ನು ಓದದೆ ದಾಟುವುದನ್ನು ನಾವು ಒಂದು ತಾಂತ್ರಿಕ ಶಿಕ್ಷಣವಾಗಿಯೇ ಕಲಿಸುತ್ತಿದ್ದೇವೆ. ಓದಿನ ಬಗ್ಗೆ ಕಾಳಜಿ ಇರುವ ಜಾಗದಲ್ಲಿ ಇದು ಚರ್ಚೆಯಾಗದಿದ್ದರೆ ಇನ್ನೆಲ್ಲಿ ಆಗಬೇಕು?

ವಿಷಯ ಪರಿಚಯವಿಲ್ಲದವರಿಗೆ ಎರಡು ಮಾತು. ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ರೂಪಿಸಿದರು. ಲಿನಕ್ಸ್‌ನ ತಿರುಳು ಇಂದಿಗೂ ಬಹುಪಾಲು ಸಿ ಭಾಷೆಯದ್ದು. ಹಾಗಾಗಿ ಆಂಡ್ರಾಯ್ಡ್ ಫೋನ್ ಹಿಡಿದವರೆಲ್ಲರ ಕೈಯಲ್ಲೂ ಸಿ ಇದೆ. ಕಂಪೈಲರ್ ಎಂದರೆ ನಾವು ಬರೆದ ಸಿ ಬರಹವನ್ನು ಯಂತ್ರದ ಆದೇಶಗಳನ್ನಾಗಿ ಮಾಡಿಕೊಡುವ ತಂತ್ರಾಂಶ. ಅದು ಎರಡು ಬಗೆಯ ದೂರು ಹೇಳುತ್ತದೆ. ಎರರ್ ಎಂದರೆ ‘ಇದು ನನಗೆ ಅರ್ಥವಾಗಲಿಲ್ಲ, ಮುಂದೆ ಹೋಗಲಾರೆ’. ವಾರ್ನಿಂಗ್ ಎಂದರೆ ‘ನೀನು ಹೇಳಿದ್ದನ್ನು ಮಾಡುತ್ತೇನೆ, ಆದರೆ ನೀನು ಹೇಳಬೇಕೆಂದಿದ್ದುದು ಇದಿರಲಾರದು’. ಯೋಚಿಸಿ ನೋಡಿದರೆ ಎರಡನೆಯದೇ ಹೆಚ್ಚು ಅಪಾಯದ್ದು. ಎರರ್ ಬಂದರೆ ಪ್ರೋಗ್ರಾಮ್ ಹುಟ್ಟುವುದೇ ಇಲ್ಲ. ವಾರ್ನಿಂಗ್ ಬಂದದ್ದು ಹುಟ್ಟಿ, ಊರು ಸುತ್ತಲು ಹೊರಡುತ್ತದೆ.

ಇನ್ನು ಬಫರ್. ಮಾಹಿತಿಯನ್ನು ತಾತ್ಕಾಲಿಕವಾಗಿ ತುಂಬಿಡಲು ಮೆಮೊರಿಯಲ್ಲಿ ತೆಗೆದಿಟ್ಟ ಜಾಗಕ್ಕೆ ಆ ಹೆಸರು. ಹೆಸರು ಬರೆದುಕೊಳ್ಳಲು 20 ಬೈಟು ಎಂದು ಪ್ರೋಗ್ರಾಮ್ ಬರೆಯುವವರು ಅಂದಾಜು ಮಾಡುತ್ತಾರೆ. ಸೇರಿನ ಪಾತ್ರೆಗೆ ಕೊಳಗದ ಅಕ್ಕಿ ಸುರಿದರೆ ಚೆಲ್ಲುತ್ತದೆ, ಚೆಲ್ಲಿದ್ದು ಕಣ್ಣಿಗೆ ಕಾಣುತ್ತದೆ. ಸಿ ಭಾಷೆಯಲ್ಲಿ ಚೆಲ್ಲಿದ್ದು ಕಾಣುವುದಿಲ್ಲ. ಅದು ಸದ್ದಿಲ್ಲದೆ ಪಕ್ಕದ ಪಾತ್ರೆಗೆ ಬಿದ್ದು ಅಲ್ಲಿದ್ದದ್ದನ್ನು ಅಳಿಸುತ್ತದೆ. ಆ ಪಕ್ಕದಲ್ಲೇ, ಸ್ಟ್ಯಾಕ್ ಎಂಬ ಅದೇ ಭಾಗದಲ್ಲಿ, ಈ ಕೆಲಸ ಮುಗಿದ ಮೇಲೆ ಯಂತ್ರ ಎಲ್ಲಿಗೆ ಮರಳಬೇಕು ಎಂಬ ವಿಳಾಸವೂ ಇರುತ್ತದೆ. ಚೆಲ್ಲುವುದನ್ನು ಲೆಕ್ಕ ಹಾಕಿ ಚೆಲ್ಲಿದವನು ಆ ವಿಳಾಸವನ್ನೇ ತಿದ್ದಬಲ್ಲ. ಆಮೇಲೆ ಯಂತ್ರ ಅವನು ಹೇಳಿದಲ್ಲಿಗೆ ಹೋಗುತ್ತದೆ, ಅವನು ಹೇಳಿದ್ದನ್ನು ಮಾಡುತ್ತದೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಈ ಭಾಷೆ ತನ್ನಷ್ಟಕ್ಕೆ ಪಾಲಿಸುವುದಿಲ್ಲ. ಹಾಸಿಗೆ ಎಷ್ಟುದ್ದ ಎಂಬುದನ್ನು ಅದು ಓಡುವ ಹೊತ್ತಿನಲ್ಲಿ ನೆನಪಿಟ್ಟುಕೊಳ್ಳುವುದೇ ಇಲ್ಲ. ಪಠ್ಯ ಎಲ್ಲಿ ಮುಗಿಯಿತು ಎಂಬುದಕ್ಕೆ ಕೊನೆಯಲ್ಲೊಂದು ಸೊನ್ನೆ ಬೈಟು ಇರುತ್ತದೆ. ಅದು ಸಿಗುವವರೆಗೆ ಓದುತ್ತಾ ಹೋಗುವುದು, ಅದು ಸಿಗುವವರೆಗೆ ಬರೆಯುತ್ತಾ ಹೋಗುವುದು, ಅಷ್ಟೆ.

ಈ ಅಪಾಯಕ್ಕೆ ಒಂದು ಮುಖ ಬೇಕಿದ್ದರೆ ಅದು ಗೆಟ್ಸ್ ಎಂಬ ಫಂಕ್ಷನ್. ಕೀಬೋರ್ಡಿನಿಂದ ಒಂದು ಸಾಲು ಓದಿ ಬಫರಿಗೆ ತುಂಬುವುದು ಅದರ ಕೆಲಸ. ಬಫರ್ ಎಷ್ಟು ದೊಡ್ಡದು ಎಂದು ಅದಕ್ಕೆ ಹೇಳುವ ದಾರಿಯೇ ಇಲ್ಲ. ಅಂದರೆ ಅದನ್ನು ಎಚ್ಚರದಿಂದ ಬಳಸುವುದು ಸಾಧ್ಯವೇ ಇಲ್ಲ. ಬಳಸುವವರು ಎಷ್ಟೇ ಜಾಣರಿದ್ದರೂ, ಇನ್ನೊಂದು ತುದಿಯಲ್ಲಿ ಟೈಪ್ ಮಾಡುವವರ ಔದಾರ್ಯವನ್ನು ನಂಬಿಯೇ ಬದುಕಬೇಕು.

1988ರ ನವೆಂಬರ್ 2ರಂದು ಆ ಔದಾರ್ಯ ಮುಗಿಯಿತು. ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ರಾಬರ್ಟ್ ಮೋರಿಸ್ ಬಿಟ್ಟ ‘ವರ್ಮ್’ ಅಂದಿನ ಪುಟ್ಟ ಇಂಟರ್‌ನೆಟ್‌ನ ಸಾವಿರಾರು ಯಂತ್ರಗಳನ್ನು ಮಂಕು ಕವಿಸಿ ಕೂರಿಸಿತು. ಅದು ಒಳನುಗ್ಗಿದ ದಾರಿಗಳಲ್ಲಿ ಒಂದು ಫಿಂಗರ್ ಎಂಬ ಸೇವೆ. ಇಂಥವರು ಲಾಗಿನ್ ಆಗಿದ್ದಾರೆಯೇ ಎಂದು ವಿಚಾರಿಸುವ ಸಣ್ಣ ಸೇವೆ ಅದು. ಅದರಲ್ಲಿ 512 ಬೈಟುಗಳ ಬಫರ್ ಇತ್ತು, ತುಂಬಲು ಗೆಟ್ಸ್ ಇತ್ತು. ವರ್ಮ್ ಕಳಿಸಿದ್ದು 536 ಬೈಟು. ಹೆಚ್ಚಾದ 24 ಬೈಟಿನಲ್ಲಿ ಯಂತ್ರದ ಯಜಮಾನಿಕೆ ಕೈ ಬದಲಾಯಿತು.

ಇದಾದ ಮರುವರ್ಷ, 1989ರಲ್ಲಿ, ಅಮೆರಿಕದಲ್ಲಿ ಸಿ ಭಾಷೆಯ ಮೊದಲ ಅಧಿಕೃತ ಮಾನಕ ಹೊರಬಂತು. ಗೆಟ್ಸ್ ಅದರಲ್ಲಿತ್ತು. ಹತ್ತು ವರ್ಷದ ನಂತರ 1999ರಲ್ಲಿ ಪರಿಷ್ಕರಣೆ ನಡೆಯಿತು, ಆಗಲೂ ಇತ್ತು. ಅದನ್ನು ಕಿತ್ತು ಹಾಕಿದ್ದು 2011ರ ಮಾನಕದಲ್ಲಿ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಇಲ್ಲಿ ಆ ಬಾಗಿಲು ಹಾಕುವುದಕ್ಕೂ 23 ವರ್ಷ ಹಿಡಿಯಿತು. ಹಳೆಯ ಪ್ರೋಗ್ರಾಮುಗಳು ಮುರಿಯಬಾರದು ಎಂಬುದು ಕಾರಣ. ಈ ನಡುವೆ ಲಿನಕ್ಸ್ ಯಂತ್ರಗಳಲ್ಲಿ ಗೆಟ್ಸ್ ಬಳಸಿದವರಿಗೆಲ್ಲ ‘ಈ ಫಂಕ್ಷನ್ ಅಪಾಯಕಾರಿ, ಬಳಸಬಾರದು’ ಎಂಬ ಎಚ್ಚರಿಕೆ ಬರುತ್ತಲೇ ಇತ್ತು. ಬರೀ ವಾರ್ನಿಂಗ್ ತಾನೆ?

ಆ ಕಾಲದಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂಬ ಸಮಾಧಾನವೂ ಇಲ್ಲಿ ಸಲ್ಲದು. ಬ್ರಿಟನ್ನಿನ ಟೋನಿ ಹೋರ್ 1960ರ ದಶಕದಲ್ಲಿ ಆಲ್ಗಾಲ್ ಭಾಷೆಗೆ ಕಂಪೈಲರ್ ಕಟ್ಟಿದಾಗ, ಪ್ರತಿ ಸಲ ಅರೇ ಮುಟ್ಟುವಾಗಲೂ ಗಡಿ ದಾಟಿಲ್ಲವೆಂದು ಪರೀಕ್ಷಿಸುವ ವ್ಯವಸ್ಥೆ ಇಟ್ಟಿದ್ದರು. ಕೆಲವು ವರ್ಷಗಳ ಮೇಲೆ, ವೇಗಕ್ಕಾಗಿ ಇದನ್ನು ತೆಗೆಯುವ ಅನುಕೂಲ ಕೊಡೋಣವೇ ಎಂದು ಗ್ರಾಹಕರನ್ನು ಕೇಳಿದಾಗ ಅವರೆಲ್ಲ ಬೇಡವೇ ಬೇಡ ಎಂದರಂತೆ. 1980ರ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಇದನ್ನು ನೆನೆದ ಹೋರ್, ಬೇರೆ ಯಾವುದೇ ಮರ್ಯಾದಸ್ಥ ಇಂಜಿನಿಯರಿಂಗ್ ಶಾಖೆಯಲ್ಲಾಗಿದ್ದರೆ ಇಷ್ಟು ಪ್ರಾಥಮಿಕ ಎಚ್ಚರಿಕೆ ವಹಿಸದಿರುವುದು ಎಂದೋ ಕಾನೂನುಬಾಹಿರವಾಗುತ್ತಿತ್ತು ಎಂಬರ್ಥದ ಮಾತು ಹೇಳಿದರು. ಅದು ವರ್ಮ್ ಬರುವುದಕ್ಕೆ ಎಂಟು ವರ್ಷ ಮುಂಚೆ.

ಇದರ ವಿರುದ್ಧ ಸಾಮಾನ್ಯವಾಗಿ ಮೂರು ವಾದ ಬರುತ್ತವೆ. ಒಂದೊಂದಾಗಿ ನೋಡೋಣ.

ಮೊದಲನೆಯದು ಗಂಡಸ್ತನದ ವಾದ. ಸಿ ತನ್ನನ್ನು ಬಳಸುವವರನ್ನು ನಂಬುತ್ತದೆ, ಆ ನಂಬಿಕೆಗೆ ತಕ್ಕವರಷ್ಟೇ ಸಿ ಬರೆಯಬೇಕು, ಬಿದ್ದವರು ಕುಣಿಯಲು ಬಾರದೆ ನೆಲ ಡೊಂಕು ಎನ್ನುತ್ತಿದ್ದಾರೆ ಎಂಬುದು ಅದರ ಸಾರ. ಆದರೆ ಐವತ್ತು ವರ್ಷದಿಂದ ಬಂದವರೆಲ್ಲ ಅದೇ ಜಾಗದಲ್ಲಿ ಎಡವುತ್ತಿದ್ದರೆ ಒಮ್ಮೆ ಬಗ್ಗಿ ನೆಲ ನೋಡುವುದು ಒಳ್ಳೆಯದು. 2019ರಲ್ಲಿ ಮೈಕ್ರೋಸಾಫ್ಟ್‌ನ ಭದ್ರತಾ ವಿಭಾಗ ತಾನು ವರ್ಷವರ್ಷ ಸರಿಪಡಿಸುವ ಲೋಪಗಳಲ್ಲಿ ಸುಮಾರು 70 ಶೇಕಡ ಮೆಮೊರಿ ಸುರಕ್ಷತೆಗೆ ಸೇರಿದವು ಎಂದಿತು. ಮರುವರ್ಷ ಗೂಗಲ್‌ನ ಕ್ರೋಮ್ ತಂಡ ತನ್ನ ಗಂಭೀರ ಲೋಪಗಳ ಬಗ್ಗೆ ಹೆಚ್ಚುಕಡಿಮೆ ಅದೇ ಪ್ರಮಾಣ ಹೇಳಿತು. ಅವರಿಗೂ ಕುಣಿಯಲು ಬಾರದೆಂದರೆ ಬರುವುದು ಯಾರಿಗೆ?

ಈ ವಾದದ ನಿಜವಾದ ಕೆಡುಕು ಬೇರೆ ಕಡೆ ಇದೆ. ನುರಿತವನು ತನ್ನ ಮೈಮೇಲೆ ಅಪಾಯ ಎಳೆದುಕೊಳ್ಳುತ್ತಾನೆ ಎಂದು ಅದು ಚಿತ್ರಿಸುತ್ತದೆ, ಹಗ್ಗದ ಮೇಲೆ ನಡೆಯುವ ದೊಂಬರ ಹುಡುಗನ ಹಾಗೆ. ಇಲ್ಲಿ ಆಗುವುದು ಹಾಗಲ್ಲ. ಎಚ್ಚರಿಕೆ ಬರುವುದು ಒಬ್ಬನಿಗೆ, ಪೆಟ್ಟು ಬೀಳುವುದು ಇನ್ನೊಬ್ಬಳಿಗೆ. 2014ರ ಏಪ್ರಿಲ್‌ನಲ್ಲಿ ಬಯಲಾದ ‘ಹಾರ್ಟ್‌ಬ್ಲೀಡ್’ ಲೋಪವನ್ನೇ ನೋಡಿ. ಅಂತರಜಾಲದ ಬಹುಪಾಲು ಗುಟ್ಟುಗಳನ್ನು ಕಾಯುತ್ತಿದ್ದ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶಕ್ಕೆ ‘ಈ ಪದವನ್ನು ನನಗೆ ವಾಪಸ್ ಕಳಿಸು, ಅದರ ಉದ್ದ ಇಷ್ಟು’ ಎಂದು ಕೇಳುವ ಸೌಲಭ್ಯವಿತ್ತು. ಹೇಳಿದ ಉದ್ದ ನಿಜವೇ ಎಂದು ಅದು ನೋಡುತ್ತಿರಲಿಲ್ಲ. ಒಂದು ಬೈಟು ಕೊಟ್ಟು 64 ಸಾವಿರ ಬೈಟು ಎಂದರೆ, ಪಕ್ಕದಲ್ಲಿದ್ದ ಪಾಸ್‌ವರ್ಡು, ಕೀಲಿ ಏನಿದ್ದರೂ ಸೇರಿಸಿ ಕೊಟ್ಟುಬಿಡುತ್ತಿತ್ತು. ಕೆನಡಾದ ತೆರಿಗೆ ಇಲಾಖೆಯಿಂದ ಸುಮಾರು 900 ಜನರ ಗುರುತಿನ ಸಂಖ್ಯೆಗಳು ಹೀಗೆ ಕಳುವಾದವು. ಆ 900 ಜನ ಸಿ ಭಾಷೆಯ ನಂಬಿಕೆಯ ಒಪ್ಪಂದಕ್ಕೆ ಎಂದೂ ಸಹಿ ಹಾಕಿದವರಲ್ಲ.

ನಮಗೆ ಇನ್ನೂ ಹತ್ತಿರದ್ದು 2019ರ ವಾಟ್ಸಾಪ್ ಪ್ರಕರಣ. ವಾಟ್ಸಾಪ್‌ನ ಕರೆ ಮಾಡುವ ಭಾಗದಲ್ಲಿದ್ದ ಬಫರ್ ಓವರ್‌ಫ್ಲೋ ಒಂದನ್ನು ಬಳಸಿ, ಇಸ್ರೇಲಿನ ಎನ್‌ಎಸ್‌ಒ ಸಂಸ್ಥೆಯ ಪೆಗಾಸಸ್ ಗೂಢಚಾರ ತಂತ್ರಾಂಶವನ್ನು ಸುಮಾರು 1,400 ಜನರ ಫೋನುಗಳತ್ತ ಕಳಿಸಲಾಯಿತು. ಗುರಿಯಾದವರಲ್ಲಿ ಭಾರತದ ಪತ್ರಕರ್ತರು, ಮಾನವ ಹಕ್ಕು ಕಾರ್ಯಕರ್ತರು ಇದ್ದರೆಂದು ವಾಟ್ಸಾಪ್ ಒಪ್ಪಿಕೊಂಡಿತು. ಬರೆಯುವುದೇ ವೃತ್ತಿಯಾದವರ ಫೋನಿಗೆ ಕಳ್ಳಗಿಂಡಿ ಕೊರೆದದ್ದು ಯಾರದೋ ಲೆಕ್ಕ ತಪ್ಪಿದ ಬೈಟುಗಳು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಹಾರ್ಟ್‌ಬ್ಲೀಡ್‌ನಂಥ ಲೋಪವನ್ನು ಕಂಪೈಲರ್ ಹಿಡಿಯುವುದಿಲ್ಲ. ಪ್ರೋಗ್ರಾಮ್ ಓಡುವಾಗ ಹೊರಗಿನಿಂದ ಯಾವ ಅಳತೆ ಬರುತ್ತದೆ ಎಂಬುದು ಅದಕ್ಕೆ ಮೊದಲೇ ತಿಳಿಯಲಾರದು. ಎಲ್ಲ ಎಚ್ಚರಿಕೆಗಳಿಗೂ ಕಿವಿಗೊಟ್ಟರೆ ಜಗತ್ತು ಸುರಕ್ಷಿತ ಎಂದು ನಾನು ವಾದಿಸುತ್ತಿಲ್ಲ. ನನ್ನ ವಾದ ಇಷ್ಟು: ಕಣ್ಣೆದುರು ಬರೆದು ತೋರಿಸಿದ ಅಪಾಯವನ್ನೇ ಓದದೆ ದಾಟುವ ಅಭ್ಯಾಸ ಬೆಳೆಸಿಕೊಂಡವರು, ಯಾರೂ ಬರೆದು ತೋರಿಸದ ಅಪಾಯವನ್ನು ತಾವಾಗಿ ಹುಡುಕುತ್ತಾರೆ ಎಂದು ನಿರೀಕ್ಷಿಸುವುದು ಮೂರ್ಖತನ.

ಎರಡನೆಯ ವಾದ ಗಂಭೀರವಾದದ್ದು, ಅನುಭವಸ್ಥರದ್ದು. ಎಚ್ಚರಿಕೆಗಳು ವಿಪರೀತ, ಅವುಗಳಲ್ಲಿ ಸುಳ್ಳು ಎಚ್ಚರಿಕೆಗಳೂ ಉಂಟು, ಎಲ್ಲಕ್ಕೂ ತಲೆ ಕೊಟ್ಟರೆ ಕೆಲಸ ಸಾಗುವುದಿಲ್ಲ ಎನ್ನುತ್ತಾರೆ. ಇದರಲ್ಲಿ ಹುರುಳಿದೆ. 2021ರ ಸೆಪ್ಟೆಂಬರ್‌ನಲ್ಲಿ ಲೈನಸ್ ಟೊರ್ವಾಲ್ಡ್ಸ್ ಲಿನಕ್ಸ್ ತಿರುಳಿನಲ್ಲಿ ಎಚ್ಚರಿಕೆಗಳನ್ನೆಲ್ಲ ಎರರ್ ಎಂದೇ ಪರಿಗಣಿಸುವ ಆಯ್ಕೆಯನ್ನು ಎಲ್ಲರಿಗೂ ಹೇರಿದರು. ನಾನಾ ಯಂತ್ರಗಳಲ್ಲಿ ನಾನಾ ಕಡೆ ಮುರಿದು ಬಿದ್ದು, ಕೆಲವೇ ದಿನಗಳಲ್ಲಿ ಅದನ್ನು ಸಡಿಲಿಸಬೇಕಾಯಿತು.

ಓದದೆ ಪಾಲಿಸುವುದೂ ಓದದೆ ಬಿಟ್ಟಷ್ಟೇ ಕೆಟ್ಟದ್ದು ಎಂಬುದಕ್ಕೆ ಇನ್ನೂ ದೊಡ್ಡ ಪಾಠ ಡೆಬಿಯನ್‌ನದು. 2006ರಲ್ಲಿ ಡೆಬಿಯನ್ ಲಿನಕ್ಸ್‌ನ ನಿರ್ವಾಹಕರೊಬ್ಬರು ಓಪನ್‌ಎಸ್‌ಎಸ್‌ಎಲ್‌ನ ಎರಡು ಸಾಲುಗಳನ್ನು ತೆಗೆದರು. ‘ಇಲ್ಲಿ ಬೆಲೆ ತುಂಬದ ಮೆಮೊರಿಯನ್ನು ಓದುತ್ತಿದ್ದೀರಿ’ ಎಂದು ಮೆಮೊರಿ ಪರೀಕ್ಷಿಸುವ ಸಾಧನವೊಂದು ದೂರುತ್ತಿತ್ತು, ಆ ದೂರು ನಿಲ್ಲಿಸುವುದು ಉದ್ದೇಶ. ದೂರು ನಿಂತಿತು. ಜೊತೆಗೆ, ಗುಪ್ತ ಕೀಲಿಗಳನ್ನು ಊಹಿಸಲಾಗದಂತೆ ಮಾಡುತ್ತಿದ್ದ ಯಾದೃಚ್ಛಿಕತೆಯೂ ಹೊರಟುಹೋಯಿತು. ಉಳಿದದ್ದು ಪ್ರೋಗ್ರಾಮಿಗೆ ಯಂತ್ರ ಕೊಡುವ ಕ್ರಮಸಂಖ್ಯೆ ಒಂದೇ. ಹಾಗಾಗಿ ಒಂದು ಬಗೆಯ ಯಂತ್ರದಲ್ಲಿ ಒಂದು ಅಳತೆಯ ಕೀಲಿ ಸುಮಾರು 32 ಸಾವಿರದಲ್ಲಿ ಒಂದಾಗಿರಲೇಬೇಕಿತ್ತು. ಕೂತು ಎಣಿಸಬಹುದಾದಷ್ಟು. ಇದು ಬೆಳಕಿಗೆ ಬಂದದ್ದು 2008ರ ಮೇ ತಿಂಗಳಲ್ಲಿ, ಎರಡು ವರ್ಷಕ್ಕೆ ಸಮೀಪ.

ಡೆಬಿಯನ್ ಕತೆಯನ್ನು ‘ನೋಡಿ, ವಾರ್ನಿಂಗಿಗೆ ಕಿವಿಗೊಟ್ಟರೆ ಹೀಗೇ ಆಗುವುದು’ ಎಂದು ಹೇಳಿಕೊಂಡು ತಿರುಗುವವರಿದ್ದಾರೆ. ಅದರ ಪಾಠ ಅದಲ್ಲ. ಎಚ್ಚರಿಕೆ ಒಂದು ಪ್ರಶ್ನೆ. ಪ್ರಶ್ನೆಗೆ ಉತ್ತರ ಹುಡುಕಬೇಕು, ಪ್ರಶ್ನೆ ಕೇಳಿದವರ ಬಾಯಿ ಮುಚ್ಚಿಸಬಾರದು. ಬಾಯಿ ಮುಚ್ಚಿಸುವ ಕಲೆಯಲ್ಲಿ ನಮ್ಮ ವಿದ್ಯಾರ್ಥಿಗಳು ನಿಸ್ಸೀಮರು. ಮೆಮೊರಿಯ ವಿಳಾಸವನ್ನು ಹಿಂತಿರುಗಿಸುವ ಫಂಕ್ಷನ್ ಒಂದನ್ನು ಬೇರೊಂದು ಫೈಲಿನಲ್ಲಿ ಬರೆದು, ಈ ಫೈಲಿನಲ್ಲಿ ಘೋಷಿಸಲು ಮರೆತರು ಎಂದುಕೊಳ್ಳಿ. ಹಳೆಯ ಸಿ ನಿಯಮದ ಪ್ರಕಾರ ಕಂಪೈಲರ್, ಅದು ಬರೀ ಒಂದು ಪೂರ್ಣಾಂಕ ಕೊಡುತ್ತದೆ ಎಂದು ಊಹಿಸಿಕೊಳ್ಳುತ್ತದೆ. ಇಂದಿನ ಯಂತ್ರಗಳಲ್ಲಿ ವಿಳಾಸಕ್ಕೆ 8 ಬೈಟು, ಆ ಪೂರ್ಣಾಂಕಕ್ಕೆ 4. ಅಂದರೆ ಅರ್ಧ ವಿಳಾಸ ಕತ್ತರಿಸಿ ಹೋಗುತ್ತದೆ. ‘ಕಾಸ್ಟ್ ಇಲ್ಲದೆ ಪೂರ್ಣಾಂಕವನ್ನು ವಿಳಾಸ ಮಾಡುತ್ತಿದ್ದೀರಿ’ ಎಂದು ಕಂಪೈಲರ್ ಎಚ್ಚರಿಸುತ್ತದೆ. ವಿದ್ಯಾರ್ಥಿಯ ಕಣ್ಣಿಗೆ ಬೀಳುವುದು ‘ಕಾಸ್ಟ್ ಇಲ್ಲದೆ’ ಎಂಬುದೊಂದೇ. ಕಾಸ್ಟ್ ಹಾಕುತ್ತಾಳೆ, ದೂರು ಮಾಯ. ಅರ್ಧ ವಿಳಾಸ ಅರ್ಧವಾಗಿಯೇ ಉಳಿಯುತ್ತದೆ. ಮನೆ ನಂಬರು ಇದೆ, ಬೀದಿಯ ಹೆಸರು ಹರಿದು ಹೋಗಿದೆ ಎಂದಾಗ ಲಕೋಟೆಗೆ ಹೊಸ ಅಂಚೆಚೀಟಿ ಅಂಟಿಸಿದ ಹಾಗೆ.

ಘೋಷಣೆಯಿಲ್ಲದೆ ಫಂಕ್ಷನ್ ಕರೆಯುವುದನ್ನು ಸಿ ಮಾನಕ 1999ರಲ್ಲೇ ಕೈಬಿಟ್ಟಿತ್ತು. ಜಿಸಿಸಿ ಕಂಪೈಲರ್ ಅದನ್ನು ತಾನಾಗಿ ಎರರ್ ಎಂದು ನಿಲ್ಲಿಸತೊಡಗಿದ್ದು 2024ರ 14ನೇ ಆವೃತ್ತಿಯಲ್ಲಿ. ಈ ಕಾಲು ಶತಮಾನ ಕಾಯಲು ಇದ್ದ ಮುಖ್ಯ ಕಾರಣ ನಾವೇ. ಎಚ್ಚರಿಕೆಯೊಂದಿಗೇ ಬದುಕಿದ್ದ ಕೋಡ್ ಎಷ್ಟಿತ್ತೆಂದರೆ, ನಿಲ್ಲಿಸಿದರೆ ಅಷ್ಟೂ ನಿಲ್ಲುತ್ತಿತ್ತು. ಎಚ್ಚರಿಕೆಗಳು ವಿಪರೀತ ಎಂಬ ದೂರಿಗೂ ಇದೇ ಉತ್ತರ. ಮೊದಲ ದಿನವೇ ಗುಡಿಸಿದ್ದರೆ ಕಸದ ಗುಡ್ಡೆ ಆಗುತ್ತಿರಲಿಲ್ಲ.

ಮೂರನೆಯ ವಾದ ಈಗ ಚಾಲ್ತಿಯಲ್ಲಿರುವುದು. ಸಿ ಭಾಷೆಯನ್ನೇ ಬಿಡಿ, ರಸ್ಟ್ ಕಲಿಯಿರಿ, ಅಲ್ಲಿ ಈ ರಗಳೆಯೇ ಇಲ್ಲ ಎನ್ನುತ್ತಾರೆ. ರಸ್ಟ್‌ನ ಬಗ್ಗೆ ನನಗೆ ತಕರಾರಿಲ್ಲ. ಹೊಸ ಕೆಲಸಕ್ಕೆ ಅದು ಒಳ್ಳೆಯ ಆಯ್ಕೆ. ಆದರೆ ಕೋಟಿಗಟ್ಟಲೆ ಸಾಲು ಸಿ ಈಗಾಗಲೇ ಜಗತ್ತನ್ನು ನಡೆಸುತ್ತಿದೆ, ಅದನ್ನು ಯಾರಾದರೂ ನೋಡಿಕೊಳ್ಳಲೇಬೇಕು. ಅದೂ ಅಲ್ಲದೆ, ರಸ್ಟ್ ಮಾಡಿದ್ದಾದರೂ ಏನು? ಸಿ ಹೇಳದೆ ಬಿಡುತ್ತಿದ್ದುದನ್ನು, ಹೇಳಿದರೂ ಪಿಸುಗುಟ್ಟುತ್ತಿದ್ದುದನ್ನು ಅಲ್ಲಿ ಎರರ್ ಮಾಡಿದರು. ಎರರ್ ಓದುವ ತಾಳ್ಮೆಯಿಲ್ಲದವರಿಗೆ ಅಲ್ಲೂ ‘ಅನ್‌ಸೇಫ್’ ಎಂದು ಬರೆದು ತಪ್ಪಿಸಿಕೊಳ್ಳುವ ಹಿತ್ತಲ ಬಾಗಿಲಿದೆ. ಓದುವ ಅಭ್ಯಾಸ ಇಲ್ಲದವರಿಗೆ ಭಾಷೆ ಬದಲಾಯಿಸಿಕೊಟ್ಟು ಫಲವಿಲ್ಲ.

ಆದ್ದರಿಂದ ನನ್ನ ಜಗಳ ಮುಖ್ಯವಾಗಿ ಕಲಿಸುವ ಕ್ರಮದೊಂದಿಗೆ. ಇವತ್ತಿಗೂ ಎಷ್ಟೋ ಕಾಲೇಜುಗಳಲ್ಲಿ 1990ರ ದಶಕದ ಆರಂಭದ ಟರ್ಬೊ ಸಿ++ ಅನ್ನು ಡಾಸ್‌ಬಾಕ್ಸ್ ಒಳಗೆ ಕೂರಿಸಿ ಸಿ ಕಲಿಸುತ್ತಾರೆ. ನೀಲಿ ಪರದೆಯ ಆ ಡಾಸ್ ಜಗತ್ತಿನಲ್ಲಿ ಮೆಮೊರಿಗೆ ಕಾವಲಿಲ್ಲ. ಗಡಿ ದಾಟಿ ಬರೆದರೂ ಹಲವು ಸಲ ಪ್ರೋಗ್ರಾಮ್ ಏನೂ ಆಗದಂತೆ ಓಡುತ್ತದೆ, ಮಕ್ಕಳು ಸರಿಯಾಗಿದೆ ಎಂದೇ ಕಲಿಯುತ್ತಾರೆ. ಹೊಸ ಕಂಪೈಲರ್ ಇರುವ ಕಡೆಯೂ ಎಚ್ಚರಿಕೆ ತೋರಿಸುವ ಆಯ್ಕೆಗಳನ್ನು ಹಾಕಿಸುವವರು ವಿರಳ. ಗೆಟ್ಸ್ ಬೇಡ ಎಂದಾಗ ಸ್ಕ್ಯಾನ್‌ಎಫ್‌ಗೆ ‘ಪರ್ಸೆಂಟ್ ಎಸ್’ ಕೊಟ್ಟು ಓದಿಸುತ್ತಾರೆ. ಅಳತೆ ಹೇಳದ ‘ಪರ್ಸೆಂಟ್ ಎಸ್’ ಎಂದರೆ ಗೆಟ್ಸ್‌ನ ಅವಳಿ. ವ್ಯತ್ಯಾಸ ಇಷ್ಟೆ: ಗೆಟ್ಸ್ ಬಳಸಿದರೆ ಎಚ್ಚರಿಕೆ ಬರುತ್ತದೆ, ಇದಕ್ಕೆ ಜಿಸಿಸಿ ಸಾಮಾನ್ಯವಾಗಿ ಸುಮ್ಮನಿರುತ್ತದೆ. 20 ಬೈಟಿನ ಬಫರಿಗೆ ‘ಪರ್ಸೆಂಟ್ 19 ಎಸ್’ ಎಂದು ಬರೆಯಬೇಕು, ಅಥವಾ ಅಳತೆ ಕೇಳಿಯೇ ಕೆಲಸ ಶುರು ಮಾಡುವ ಎಫ್‌ಗೆಟ್ಸ್ ಬಳಸಬೇಕು. ಇದನ್ನು ಹೇಳಿಕೊಡಲು ಐದು ನಿಮಿಷ ಸಾಕು.

ಕನ್ನಡದಲ್ಲಿ ಬದುಕುವವರಿಗೆ ಈ ಐದು ನಿಮಿಷದ ಬೆಲೆ ಇನ್ನೂ ಹೆಚ್ಚು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಎಂಬ ಅಂದಾಜಿನ ಮೇಲೆ ಬರೆದ ಕೋಡು ನಮ್ಮ ಲಿಪಿಯ ಮುಂದೆ ನಿಲ್ಲುವುದಿಲ್ಲ. ಇಂದು ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು ಬೇಕು. ಸ್ವರ ಚಿಹ್ನೆಗೆ ಬೇರೆ ಮೂರು, ಒತ್ತಕ್ಷರ ಕೂಡಿಸುವ ಹಲಂತಕ್ಕೆ ಬೇರೆ ಮೂರು. ‘ಶ್ರೀರಂಗಪಟ್ಟಣ’ ಕಣ್ಣಿಗೆ ಆರು ಅಕ್ಷರ. ಒಳಗೆ 12 ಸಂಕೇತ, ಅಂದರೆ 36 ಬೈಟು. ಕೊನೆಯ ಸೊನ್ನೆ ಸೇರಿ 37. 20 ಬೈಟಿನ ಬಫರಿಗೆ ಇದನ್ನು ಸ್ಟ್ರ್‌ಕಾಪಿಯಿಂದ ಸುರಿದರೆ 17 ಬೈಟು ನೆರೆಮನೆಗೆ. ಸುರಕ್ಷಿತವೆಂದು ಪುಸ್ತಕಗಳು ಹೊಗಳುವ ಸ್ಟ್ರ್‌ಎನ್‌ಕಾಪಿ ಬಳಸಿದರೆ ‘ಶ್ರೀರಂ’ ಪೂರ್ತಿ ಬಂದು, ‘ಗ’ದ ಮೂರು ಬೈಟಿನಲ್ಲಿ ಎರಡು ಬಂದು, ಅಲ್ಲಿಗೆ ಕತ್ತರಿ. ಕೊನೆಯ ಸೊನ್ನೆಯನ್ನು ಅದು ಹಾಕುವುದೂ ಇಲ್ಲ. ಮುಂದೆ ಅದನ್ನು ಓದುವವರು ಸೊನ್ನೆ ಹುಡುಕುತ್ತಾ ಎಲ್ಲಿಗೆ ಹೋಗುತ್ತಾರೋ ಹೇಳಲಾಗದು. ಕನ್ನಡದಲ್ಲಿ ಹೆಸರು ಬರೆದರೆ ಸಿಸ್ಟಮ್ ಕೆಡುತ್ತದೆ, ಇಂಗ್ಲಿಷಿನಲ್ಲೇ ಬರೆಯಿರಿ ಎಂಬ ಉತ್ತರ ಕೇಳಿದವರು ನಮ್ಮಲ್ಲಿ ಎಷ್ಟು ಜನ! ಅದನ್ನು ಕನ್ನಡದ ಕೊರತೆ ಎಂದು ಒಪ್ಪಿಕೊಂಡು ಬಂದಿದ್ದೇವೆ. ಕೆಡುವ ಕಡೆಗಳಲ್ಲಿ ಕೊರತೆ ಇರುವುದು ಅಳತೆ ಕೇಳದೆ ಸುರಿದ ಕೋಡಿನಲ್ಲಿ.

ಮಾಡಬೇಕಾದದ್ದು ದೊಡ್ಡದೇನಲ್ಲ. ಮೊದಲ ಲ್ಯಾಬಿನ ಮೊದಲ ದಿನದಿಂದ ಎಚ್ಚರಿಕೆಯ ಆಯ್ಕೆಗಳನ್ನು ಹಾಕಿಸಿ. ‘ವಾಲ್’ ಎಂಬ ಹೆಸರಿದ್ದರೂ ಅದರಲ್ಲಿ ಎಲ್ಲ ಎಚ್ಚರಿಕೆಗಳೂ ಬರುವುದಿಲ್ಲ ಎಂದು ತಿಳಿಸಿ, ‘ಎಕ್ಸ್‌ಟ್ರಾ’ವನ್ನೂ ಸೇರಿಸಿ. ಲಿನಕ್ಸ್‌ಗೆ ಕಷ್ಟವಾದ ‘ವಾರ್ನಿಂಗ್ ಬಂದರೆ ಎರರ್’ ಎಂಬ ನಿಯಮ ಐವತ್ತು ಸಾಲಿನ ಹೊಸ ಪ್ರೋಗ್ರಾಮಿಗೆ ಯಾವ ಕಷ್ಟವೂ ಅಲ್ಲ. ಗಡಿ ದಾಟಿದ ಕೂಡಲೇ ಹಿಡಿದು ನಿಲ್ಲಿಸುವ ಅಡ್ರೆಸ್ ಸ್ಯಾನಿಟೈಸರ್ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಜಿಸಿಸಿಯಲ್ಲೂ ಕ್ಲ್ಯಾಂಗ್‌ನಲ್ಲೂ ಉಚಿತವಾಗಿ ಸಿಗುತ್ತಿದೆ, ಅದನ್ನು ತೋರಿಸಿಕೊಡಿ. ವೈವಾದಲ್ಲಿ ಸಿ ಭಾಷೆಯನ್ನು ಯಾರು ಯಾವಾಗ ಕಂಡುಹಿಡಿದರು ಎಂದು ಕೇಳುವ ಬದಲು, ಒಂದು ಎಚ್ಚರಿಕೆಯನ್ನು ಮುಂದಿಟ್ಟು ಇದು ಏನು ಹೇಳುತ್ತಿದೆ ಎಂದು ಕೇಳಿ. ಎಚ್ಚರಿಕೆಯನ್ನು ಓದಿ, ಇದು ಇಲ್ಲಿ ಸಲ್ಲದು, ಏಕೆಂದರೆ ಹೀಗೆ ಎಂದು ವಿವರಿಸಬಲ್ಲ ವಿದ್ಯಾರ್ಥಿನಿಗೂ ಪೂರ್ತಿ ಅಂಕ ಕೊಡಿ. ಅವಳು ಓದಿದ್ದಾಳೆ.

ಪರೀಕ್ಷಕರಲ್ಲಿ ಒಂದು ವಿನಂತಿ. ಮುಂದಿನ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಪ್ರೋಗ್ರಾಮ್ ‘ಊರಿನ ಹೆಸರು ಕೊಡಿ’ ಎಂದು ಕೇಳಿದಾಗ, ಎಂದಿನಂತೆ ಇಂಗ್ಲಿಷಿನಲ್ಲಿ ನಾಲ್ಕಕ್ಷರ ಒತ್ತಿ ಮುಂದೆ ಹೋಗಬೇಡಿ. ಕನ್ನಡದಲ್ಲಿ ಶ್ರೀರಂಗಪಟ್ಟಣ ಎಂದು ಟೈಪ್ ಮಾಡಿ, ಎಂಟರ್ ಒತ್ತಿ. ಏನಾಗುತ್ತದೆ ನೋಡಿ, ಆಮೇಲೆ ಅಂಕ ಹಾಕಿ.